ಚಂದ್ರಿಯ ತಲೆಯೊಳಗಿನ ಕೆಂಪಮ್ಮ

ಅಂಗಳದ ಹಗ್ಗದಿಂದ ಮೊಮ್ಮಗಳ ಬಟ್ಟೆ ತೆಗೆದು ಮಡಚುವ ಕೆಲಸ ನನ್ನದು. ಯಾರೂ ಹೇಳಿದ್ದಲ್ಲ, ನಾನೇ ಕಸಿದುಕೊಂಡಿದ್ದು. ಒಂದೊಂದು ತುಂಡೂ ನನ್ನ ಹೆಗಲ ಟವೆಲಿನ ಅರ್ಧ ಇಲ್ಲ. ಮಡಚುವುದಕ್ಕೆ ಅದರಲ್ಲಿ ಏನೂ ಇಲ್ಲ. ಆದರೂ ಮಡಚುತ್ತೇನೆ, ಚೆನ್ನಾಗಿ ಬರಲಿಲ್ಲ ಅಂತ ಬಿಚ್ಚುತ್ತೇನೆ, ಮತ್ತೆ ಮಡಚುತ್ತೇನೆ. ನನಗೆ ಮೊಮ್ಮಗಳು ಹುಟ್ಟಿದ್ದಾಳೆ, ಸ್ವಾಮಿ! ಮಗಳಿಗೆ ಮದುವೆಯಾಗಿ ಎಷ್ಟೋ ವರ್ಷ ಆದ ಮೇಲೆ ಹುಟ್ಟಿದ್ದಾಳೆ. ಆ ಸುದ್ದಿ ಬಂದ ದಿನ ರಸ್ತೆಯಲ್ಲಿ ಬರುತ್ತಿದ್ದ ಪಿರಿಯಾಪಟ್ಟಣದ ಬಸ್ಸಿಗೆ ಕೈ ಅಡ್ಡ ಹಾಕಿ ನಿಲ್ಲಿಸಿ ಕಂಡಕ್ಟರಿಗೆ ಹೇಳಿದೆ. "ಹತ್ತೀರೋ ಇಲ್ವೋ ಯಜಮಾನ್ರೇ?" ಅಂದ. "ಇಲ್ಲ ಕಣಪ್ಪ, ಸುಮ್ನೆ ಹೇಳ್ದೆ" ಅಂದೆ. ಅವನು ಬೈದನೋ ನಕ್ಕನೋ, ನನಗೆ ಕಿವಿ ಕೇಳುವ ಸ್ಥಿತಿಯೇ ಇರಲಿಲ್ಲ.

ಆ ಬಟ್ಟೆಗಳಲ್ಲಿ ಬದನೆಕಾಯಿ ಬಣ್ಣದ, ಹಳದಿ ಅಂಚಿನ ಒಂದು ತುಂಡು ಇನ್ನೂ ಉಳಿದಿದೆ. ಅದು ಕೈಗೆ ಬಂದಾಗ ಮಾತ್ರ ನನ್ನ ಕೈ ನಿಲ್ಲುತ್ತದೆ. ಅದು ನನ್ನ ಹೆಂಡತಿ ಕೆಂಪಮ್ಮನ ಸೀರೆ. ಹಾಗೆ ನೋಡಿದರೆ ಕೆಲವು ತಿಂಗಳು ಅದು ನನ್ನ ಸೀರೆಯೂ ಆಗಿತ್ತು. ನಗಬೇಡಿ, ಹೇಳುತ್ತೇನೆ.

ಬೆಟ್ಟದಪುರದ ಈಚೆಗೆ ನಮ್ಮ ಊರು. ಮನೆ ಹಳೆಯ ಕಾಲದ್ದು. ಬೀದಿಬಾಗಿಲು ದಾಟಿದರೆ ಮೊದಲು ಸಿಗುವುದು ಕೊಟ್ಟಿಗೆ, ಆಮೇಲೆ ನಡುಮನೆ. ನೆಂಟರಾಗಲಿ, ದೇವರ ಪೂಜಾರಿಯಾಗಲಿ, ನಮ್ಮ ಚಂದ್ರಿಯ ಮುಂದೆ ಹಾದೇ ಒಳಗೆ ಬರಬೇಕು. ಚಂದ್ರಿ ಅಂದರೆ ನಮ್ಮ ಹಸು. ನಾಟಿ ಹಸು, ಹಣೆಯಲ್ಲಿ ಬಿಳಿ ಚುಕ್ಕಿ. ಅದನ್ನು ಕರುವಿನಿಂದ ಸಾಕಿದವಳು ಕೆಂಪಮ್ಮ, ಹಾಲು ಕರೆಯುತ್ತಿದ್ದವಳೂ ಅವಳೊಬ್ಬಳೇ. ಚೆಂಬು ಹಿಡಿದು ನಡುಮನೆಯ ಹೊಸ್ತಿಲು ದಾಟುವಾಗಲೇ "ಬಂದೆ ಕಣವ್ವ, ಬಂದೆ" ಅನ್ನುವಳು. ಚಂದ್ರಿ ಗೋಡೆಯ ಕಡೆಗೆ ಸರಿದು ಜಾಗ ಬಿಡುವುದು. ಕೆಂಪಮ್ಮ ದಪ್ಪನೆಯ ಹೆಂಗಸು, ಜಾಗ ಸ್ವಲ್ಪ ಹೆಚ್ಚೇ ಬೇಕಿತ್ತು. ಅವಳು ಕುಕ್ಕರಗಾಲಲ್ಲಿ ಕೂತು ಮೊಲೆಗೆ ಕೈ ಹಾಕುವ ಮೊದಲೇ ಹಾಲು ತೊಟ್ಟಿಕ್ಕುತ್ತಿತ್ತು.

ಹೋದ ವರ್ಷ ಕಾರ್ತೀಕದಲ್ಲಿ ಕೆಂಪಮ್ಮ ಜ್ವರ ಅಂತ ಮಲಗಿದವಳು ಏಳಲಿಲ್ಲ. ಮೊಮ್ಮಗು ಬರುವ ವಿಷಯ ಅವಳಿಗೆ ಗೊತ್ತೇ ಆಗಲಿಲ್ಲ. ಅದನ್ನು ಇಲ್ಲಿ ಹೆಚ್ಚು ಬರೆಯುವುದಿಲ್ಲ, ಇದು ಸಂತೋಷದ ಬರಹ.

ಅವಳು ಹೋದ ಮಾರನೆಯ ದಿನದಿಂದ ಚಂದ್ರಿ ಹಾಲು ಇಳಿಸಲಿಲ್ಲ. ಕರು ಬಲಿತಿತ್ತು, ಅದನ್ನೂ ಹತ್ತಿರ ಸೇರಿಸುತ್ತಿರಲಿಲ್ಲ. ನಾನು ಕೂತರೆ ಒದೆ. ಕೆಚ್ಚಲು ಕಲ್ಲಿನ ಹಾಗೆ ಬಿಗಿಯಿತು. ಒಂದೇ ಕೈಗೆ ಹೊಂದಿಕೊಂಡ ಹಸುವಿಗೆ ನಮ್ಮ ಕಡೆ ಒಂದು ಉಪಾಯವಿದೆ. ಆ ಹೆಂಗಸು ಊರಿಗೆ ಹೋದಾಗ ಅವಳ ಸೀರೆಯನ್ನು, ಒಗೆಯದೆ ಬಿಟ್ಟಿದ್ದನ್ನು, ಬೇರೆಯವರು ಸುತ್ತಿಕೊಂಡು ಹಾಲು ಕರೆಯುವುದು. ಗಂಡಸರೂ ಸುತ್ತಿಕೊಳ್ಳುತ್ತಾರೆ, ಯಾರಿಗೂ ಹೇಳುವುದಿಲ್ಲ ಅಷ್ಟೆ. ನಾನೂ ಸುತ್ತಿಕೊಂಡೆ. ಪಂಚೆಯ ಮೇಲೆ ಕೆಂಪಮ್ಮನ ಬದನೆಕಾಯಿ ಸೀರೆ, ತಲೆ ತುಂಬ ಸೆರಗು. ಬಳೆ ನನ್ನ ಕೈಗೆ ಹಿಡಿಸಲಿಲ್ಲ, ದಾರ ಕಟ್ಟಿ ಮಣಿಕಟ್ಟಿಗೆ ಇಳಿಬಿಟ್ಟೆ. ಕೊಟ್ಟಿಗೆಗೆ ಹೋದೆ. ಚಂದ್ರಿ ಮೂಸಿತು. ಉಸಿರು ಬಿಟ್ಟಿತು. ಹಾಲು ಇಳಿಸಿತು.

ಹಾಲು ಚೆಂಬಿಗೆ ಬೀಳುವ ಸದ್ದು ಕೇಳಿ ನನಗೆ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಈ ಹಸು ಈಗ ಯಾರಿಗೆ ಹಾಲು ಕೊಡುತ್ತಿದೆ? ನನಗಂತೂ ಅಲ್ಲ. ಇದರ ತಲೆಯೊಳಗೆ ಕೆಂಪಮ್ಮ ಬಂದು ಕೂತಿದ್ದಾಳೆ. ಅಲ್ಲಿ ಅವಳಿಗೆ ಏನೂ ಆಗಿಲ್ಲ. ಅವಳನ್ನು ಮಣ್ಣು ಮಾಡಿ ಬಂದವರು ನಾವು, ಚಂದ್ರಿ ಬಂದಿರಲಿಲ್ಲವಲ್ಲ.

ಆವತ್ತಿನಿಂದ ನನಗೆ ಅದೇ ಗೀಳು. ಆ ತಲೆಯೊಳಗೆ ಕೆಂಪಮ್ಮ ಹೇಗಿದ್ದಾಳೆ? ಫೋಟೋದ ಹಾಗೆ ಇದ್ದಾಳಾ, ವಾಸನೆಯ ಹಾಗಾ? ಮುಖ ಇದೆಯಾ? ನಾನು ನಾಲ್ಕನೇ ಕ್ಲಾಸಿಗೆ ಸ್ಲೇಟು ಒಡೆದುಕೊಂಡು ಮನೆಗೆ ಬಂದವನು, ಇಂಥದ್ದನ್ನು ಯಾರನ್ನು ಕೇಳಲಿ. ಮಗಳು ಭಾಗ್ಯ ನನ್ನ ಫೋನಿಗೆ ಮುಖ ತೋರಿಸಿದರೆ ತೆರೆಯುವ ಹಾಗೆ ಮಾಡಿಕೊಟ್ಟಿದ್ದಳು. ಒಂದು ದಿನ ಸೀರೆಯಲ್ಲಿ ಕೂತಿದ್ದಾಗ ಫೋನು ಬಡಿದುಕೊಂಡಿತು. ಹಿಡಿದು ನೋಡಿದೆ, ಸೆರಗು ಹೊದ್ದ ಈ ಮುದುಕನನ್ನು ನೋಡಿ ಫೋನು ಒಂದು ಕ್ಷಣವೂ ಯೋಚಿಸದೆ ತೆರೆಯಿತು. ಫೋನಿಗೆ ನಾನು ನಾನೇ. ಪಕ್ಕದಲ್ಲಿರುವ ಚಂದ್ರಿಗೆ ನಾನು ಕೆಂಪಮ್ಮ. ಇಬ್ಬರಲ್ಲಿ ಯಾರ ಮಾತು ನಂಬಲಿ? ಫೋನಿಗೆ ಬೇಕಾಗಿದ್ದು ಮೂಗು ಕಣ್ಣು. ಚಂದ್ರಿಗೆ ಬೇಕಾಗಿದ್ದು ಏನು ಅನ್ನುವುದೇ ನನಗೆ ತಿಳಿಯಲಿಲ್ಲ.

ಪಕ್ಕದ ಮನೆ ಜವರಪ್ಪ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನ ಒಲೆಗೆ ಸೌದೆ ಹಾಕಲು ಮಸುಕು ಬೆಳಕಿನಲ್ಲೇ ಹೋಗುವವನು. ಒಂದು ದಿನ ನಮ್ಮ ಬೀದಿಬಾಗಿಲು ತೆರೆದಿತ್ತು. ಬದನೆಕಾಯಿ ಸೀರೆ, ಕೈಯಲ್ಲಿ ಚೆಂಬು, ಬಳೆಯ ಸದ್ದು. ಅವನು ಸೌದೆಯ ಹೊರೆ ಅಲ್ಲೇ ಹಾಕಿ ಓಡಿದ. ಎರಡು ದಿನ ಜ್ವರ. ತಾಯಿತ ಕಟ್ಟಿಸಿಕೊಂಡು ಬಂದವನಿಗೆ ನಾನು ನಿಜ ಹೇಳಿದೆ.

"ಥೂ ನಿನ್ ಮಕಕ್ಕೆ! ನನ್ ಪ್ರಾಣ ಓಗಿತ್ತು ಕಣ್ಲಾ" ಅಂದ.

"ನಾನು ಅಂತ ಗೊತ್ತಾಗ್ಲಿಲ್ವೇನ್ಲಾ? ಮೀಸೆ ಕಾಣ್ಲಿಲ್ವಾ?"

"ಮೀಸೆ ಯಾವನ್ಲಾ ನೋಡ್ದ? ನಂಗೆ ಕೆಂಪಕ್ಕನ ಮಕಾನೇ ಕಾಣ್ತು. ದೇವ್ರಾಣೆ, ನನ್ ನೋಡಿ ನಕ್ಲು."

ಜವರಪ್ಪನ ತಲೆಯಲ್ಲೂ ಒಬ್ಬಳು ಕೆಂಪಮ್ಮ ಇದ್ದಳು, ಅವಳು ಹೊರಗೆ ಬಂದು ನಕ್ಕಿದ್ದಾಳೆ. ಅವನು ಬೆದರಿದ, ಚಂದ್ರಿ ಬೆದರಲಿಲ್ಲ. ನಾನು ಅವನನ್ನು ಕಂಡು ನಕ್ಕೆನಾದರೂ, ಮರುದಿನ ಚಂದ್ರಿಗೆ ಕಲಗಚ್ಚು ಇಡಲು ಬಾನಿಯ ಮೇಲೆ ಬಾಗಿದಾಗ, ಆ ಕಲಕಿದ ನೀರೊಳಗಿಂದ ಸೆರಗು ಹೊದ್ದ ಒಂದು ತಲೆ ನನ್ನನ್ನು ನೋಡಿತು. ನಾನೇ ಅಂತ ಗೊತ್ತು. ಗೊತ್ತಿದ್ದೂ "ಯಾಕಮ್ಮಿ?" ಅಂತ ಕೇಳಿಬಿಟ್ಟೆ. ಚಂದ್ರಿ ಮೂತಿ ಹಾಕಿ ಅದನ್ನು ಕುಡಿದುಬಿಟ್ಟಿತು.

ಮುಸುಕಿನ ಜೋಳದ ಹೊಲದಲ್ಲಿ ನಾವು ಬೆರ್ಚಪ್ಪನನ್ನು ನಿಲ್ಲಿಸುತ್ತೇವೆ, ಹಳೆ ಅಂಗಿ ತೊಡಿಸಿ, ಮಡಕೆಯ ತಲೆ ಇಟ್ಟು. ಹಕ್ಕಿಗಳು ಹೆದರುತ್ತವೆ. ಸ್ವಲ್ಪ ದಿನ ಕಳೆದರೆ ಕಾಗೆ ಬಂದು ಅವನ ತಲೆಯ ಮೇಲೇ ಕೂತುಕೊಳ್ಳುತ್ತದೆ. ಇದರೊಳಗೆ ಮನುಷ್ಯ ಇಲ್ಲ ಅಂತ ಅದಕ್ಕೆ ತಿಳಿದುಹೋಗುತ್ತದೆ. ನಾನೂ ಒಬ್ಬ ಬೆರ್ಚಪ್ಪನೇ ತಾನೆ, ಹೆದರಿಸುವುದಕ್ಕಲ್ಲ, ಕರೆಯುವುದಕ್ಕೆ ನಿಂತವನು. ಕಾಗೆಗೆ ತಿಳಿದದ್ದು ಚಂದ್ರಿಗೆ ತಿಳಿಯದಾ? ತಿಳಿದೂ, ಪಾಪ, ಈ ಮುದುಕ ಇಷ್ಟು ಕಷ್ಟಪಟ್ಟು ಸೀರೆ ಉಟ್ಟು ಬಂದಿದ್ದಾನೆ ಅಂತ ಹಾಲು ಕೊಡುತ್ತಿದ್ದರೆ? ಆ ಯೋಚನೆ ಬಂದ ದಿನ ನನಗೆ ಅದರ ಕಣ್ಣನ್ನು ನೋಡಲಾಗಲಿಲ್ಲ.

ದನದ ಡಾಕ್ಟರಮ್ಮ ಲಸಿಕೆ ಹಾಕಲು ಬಂದಾಗ ಕೇಳಿಯೇಬಿಟ್ಟೆ. ಒಳ್ಳೆಯ ಹುಡುಗಿ, ನಗದೆ ಕೇಳಿಸಿಕೊಂಡಳು.

"ತಾತ, ಅದಕ್ಕೆ ಅಭ್ಯಾಸ ಅಷ್ಟೆ. ವಾಸನೆ ಸಿಕ್ತು, ಹಾಲು ಇಳೀತು. ಸ್ವಿಚ್ ಒತ್ತಿದ್ರೆ ಬಲ್ಬ್ ಉರಿಯುತ್ತಲ್ಲ, ಹಾಗೆ. ಬಲ್ಬಿನೊಳಗೆ ಯಾರಾದ್ರೂ ಇರ್ತಾರಾ?"

"ಇರಲ್ಲ ಕಣವ್ವ" ಅಂದೆ. "ಆದ್ರೆ ನನ್ ಬಲ್ಬು ಸಂಜೆ ಆಯ್ತಿದ್ದಂಗೆ ಬಾಗ್ಲು ಕಡೆ ನೋಡ್ತದಲ್ಲ, ಸ್ವಿಚ್ಚು ಯಾಕೆ ಇನ್ನೂ ಬರ್ಲಿಲ್ಲ ಅಂತ?"

ಡಾಕ್ಟರಮ್ಮ ಸಿರಿಂಜು ಡಬ್ಬಿಗೆ ಹಾಕುತ್ತಾ ಚಂದ್ರಿಯನ್ನು ಒಂದು ಸಲ ತಿರುಗಿ ನೋಡಿದಳು. "ಅದು ಸ್ವಲ್ಪ ಕಷ್ಟದ ಪ್ರಶ್ನೆ ತಾತ" ಅಂದಳು.

ಕಷ್ಟದ್ದು ಅಂತ ನನಗೆ ಚಿಕ್ಕಂದಿನಲ್ಲೇ ಗೊತ್ತಿತ್ತು. ನಮ್ಮಪ್ಪನಿಗೆ ಎರಡು ಎತ್ತು, ಕೆಂಚ ಮತ್ತು ಬೋಳ. ಬೆಟ್ಟದಪುರದಿಂದ ಬರುವ ಗಾಡಿದಾರಿಯ ನಡುವೆ ಒಂದು ದೊಡ್ಡ ಗೋಣಿಮರ ಇತ್ತು, ದಾರಿ ಅದನ್ನು ಸುತ್ತಿ ಬಳಸಿಕೊಂಡು ಬರುತ್ತಿತ್ತು. ನಾನು ಹುಲ್ಲಿನ ಮೇಲೆ ಅಂಗಾತ ಮಲಗಿ ಬರುವವನು. ಆಕಾಶ ಮುಚ್ಚಿ ಎಲೆ ಕಂಡು, ಗಾಡಿ ಎಡಕ್ಕೆ ವಾಲಿತೆಂದರೆ ಮನೆ ಹತ್ತಿರವಾಯಿತು ಅಂತ ಲೆಕ್ಕ. ಆಮೇಲೆ ರಸ್ತೆ ಅಗಲ ಮಾಡುತ್ತೇವೆ ಅಂತ ಬಂದವರು ಮರ ಕಡಿದರು, ಬುಡ ಕಿತ್ತರು, ಜಲ್ಲಿ ಹಾಕಿ ಸಮ ಮಾಡಿದರು. ಆ ಸಂಜೆ ನಾನು ಮಲಗಿ ಬರುತ್ತಿದ್ದೇನೆ, ಮೇಲೆ ಬರೀ ಆಕಾಶ, ಒಂದೆಲೆಯೂ ಇಲ್ಲ. ಗಾಡಿ ಎಡಕ್ಕೆ ವಾಲಿತು. ಏನೂ ಇಲ್ಲದ ಕಡೆ ಬಳಸಿ ಸುತ್ತಿ ಮತ್ತೆ ದಾರಿಗೆ ಬಂತು. ಎದ್ದು ಕೂತು ಅಪ್ಪನ ಅಂಗಿ ಹಿಡಿದುಕೊಂಡೆ.

"ಅಪ್ಪಾ, ಮರ ಇಲ್ವಲ್ಲ!"

"ಇಲ್ಲಿ ಇಲ್ಲ ಕಣ್ಲಾ ಮಗ" ಅಂದ ಅಪ್ಪ, ಅರ್ಧ ನಿದ್ದೆಯಲ್ಲಿ. "ಎತ್ತಿನ್ ತಲೇಲಿ ಇನ್ನೂ ಕಡ್ದಿಲ್ಲ."

ಅದಕ್ಕಿಂತ ಹೆಚ್ಚಿನದು ಆಮೇಲೆ ಆಯಿತು. ಬೋಳ ಸತ್ತ. ಅಪ್ಪ ದೂರದ ಸಂತೆಯಿಂದ ಒಂದು ಹೊಸ ಹೋರಿ ತಂದು ಕೆಂಚನ ಜೊತೆ ಹೂಡಿದ. ಕೆಂಚ ಬಳಸುತ್ತಿದ್ದ, ಹೊಸದೂ ಜೊತೆಗೆ ಬಳಸಿತು. ಆಮೇಲೆ ಕೆಂಚನೂ ಹೋದ, ಅವನ ಜಾಗಕ್ಕೆ ಇನ್ನೊಂದು ಬಂತು. ಈಗ ನೊಗದಲ್ಲಿ ಎರಡೂ ಹೊಸವು, ಆ ಮರದ ಎಲೆಯನ್ನೂ ಕಾಣದವು. ಅವೂ ಬಳಸಿಕೊಂಡೇ ಬಂದವು. ಯಾರೂ ನೋಡದ ಮರ ಯಾರ ತಲೆಯಲ್ಲಿ ನಿಂತಿತ್ತು? ಅಲ್ಲಿಗೆ ಬಂದರೆ ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಕಣ್ಣು ಮುಚ್ಚಿದರೆ ಎಲೆಯ ಸದ್ದು ಕೇಳಿದ ಹಾಗೆ ಆಗುತ್ತಿತ್ತು.

ಇರಲಿ. ಸಂತೋಷದ ಕಡೆಗೆ ಬರುತ್ತೇನೆ. ಭಾಗ್ಯನನ್ನು ಕೊಟ್ಟಿರುವುದು ಭೇರ್ಯದ ಕಡೆ. ಹೆರಿಗೆ ಆಗಿ, ಹೆಣ್ಣು ಮಗು ಎತ್ತಿಕೊಂಡು ತವರಿಗೆ ಬಂದಳು. ಬಾಣಂತನ ಮಾಡಲು ಅವಳಮ್ಮ ಇಲ್ಲ, ಹ್ಯಾಂಡ್‌ಪೋಸ್ಟ್ ಅನ್ನುವ ಊರಿನಿಂದ ನನ್ನ ಅಕ್ಕ ಸಣ್ಣಮ್ಮ ಬಂದಳು. ಮೊದಲ ದಿನವೇ ನಾನು ಸೀರೆ ಸುತ್ತಿಕೊಂಡು ಹಾಲು ಕರೆಯುವುದನ್ನು ಕಂಡು ಸೊಂಟದ ಮೇಲೆ ಕೈಯಿಟ್ಟಳು.

"ಏನ್ಲಾ ಇದು ನಿನ್ನವತಾರ? ಬಾಣ್ತಿ ಇರೋ ಮನೇಲಿ ಸತ್ತೋರ ಸೀರೆ ಉಟ್ಕೊಂಡು ಓಡಾಡ್ತಿದ್ದೀಯಲ್ಲ!"

"ಅಸ ಆಲು ಕೊಡಲ್ಲ ಕಣಕ್ಕ."

"ಕೊಡ್ದಿದ್ರೆ ದಲ್ಲಾಳಿಗೆ ಇಡ್ಕೊಟ್ಟು ಸೀಮೆ ಅಸ ತತ್ತಾ. ಆ ಸೀರೆ ಗಬ್ಬು ನಾತ. ಒಗ್ದು ಎಷ್ಟು ದಿವ್ಸ ಆಯ್ತ್ಲಾ?"

ಒಗೆದಿಲ್ಲ ಅಂತ ಹೇಗೆ ಹೇಳಲಿ. ಒಗೆದರೆ ವಾಸನೆ ಹೋಗುತ್ತದೆ. ವಾಸನೆ ಹೋದರೆ ಚಂದ್ರಿ ಹಾಲು ಇಳಿಸುವುದಿಲ್ಲ. ಹಾಲಿಲ್ಲದ ಹಸುವನ್ನು ಅಕ್ಕ ಉಳಿಸುವುದಿಲ್ಲ. ಚಂದ್ರಿ ಲಾರಿ ಹತ್ತಿದರೆ, ಅದರ ತಲೆಯೊಳಗೆ ಕೂತವಳೂ ಜೊತೆಗೆ ಲಾರಿ ಹತ್ತುತ್ತಾಳೆ. ಇಷ್ಟನ್ನು ಅಕ್ಕನಿಗೆ ಹೇಳಿದರೆ ನನಗೇ ತಾಯಿತ ಕಟ್ಟಿಸುತ್ತಿದ್ದಳು. ಸೀರೆಯನ್ನು ಹುಲ್ಲಿನ ಮೆದೆಯ ಸಂದಿಯಲ್ಲಿ ಬಚ್ಚಿಟ್ಟೆ.

ಹೊಲದಿಂದ ಬಂದ ಒಂದು ಮಧ್ಯಾಹ್ನ ಅಂಗಳದ ಹಗ್ಗ ನೋಡಿದೆ. ಹಗ್ಗದ ಈ ತುದಿಯಿಂದ ಆ ತುದಿಗೆ ಬದನೆಕಾಯಿ ಬಣ್ಣದ ತುಂಡುಗಳು. ನಮ್ಮಲ್ಲಿ ಎಳೆಗೂಸಿಗೆ ಹೊಸಬಟ್ಟೆ ಹಾಕುವುದಿಲ್ಲ, ಅಜ್ಜಿಯರ ಹಳೆ ಸೀರೆ ಹರಿದು ಸುತ್ತುವುದೇ ಪದ್ಧತಿ. ಅಕ್ಕ ಪದ್ಧತಿ ತಪ್ಪಿಲ್ಲ. ಹುಲ್ಲು ಹಿರಿಯಲು ಹೋದವಳಿಗೆ ಸೀರೆ ಸಿಕ್ಕಿದೆ, ಕುದಿಯುವ ನೀರಿಗೆ ಹಾಕಿ, ಸೋಪುಪುಡಿಯಲ್ಲಿ ಒಗೆದು, ಹರಿದು, ಬಿಸಿಲಿಗೆ ಹಾಕಿದ್ದಾಳೆ. ಒಂದು ತುಂಡನ್ನು ಮೂಗಿಗೆ ಹಿಡಿದೆ. ಬಿಸಿಲಿನ ವಾಸನೆ ಬಿಟ್ಟು ಏನೂ ಇರಲಿಲ್ಲ.

"ಯಾಕ್ಲಾ ಅಂಗೆ ನಿಂತ್ಕೊಂಡೆ? ಮೊಮ್ಮಗ್ಳಿಗಲ್ವಾ?" ಅಂದಳು ಅಕ್ಕ, ಈ ಸಲ ಸ್ವಲ್ಪ ಮೆತ್ತಗೆ.

"ಮೊಮ್ಮಗ್ಳಿಗೇ ಬುಡು" ಅಂದೆ.

ಆ ಸಂಜೆ ಟ್ರಂಕಿನಿಂದ ಕೆಂಪಮ್ಮನ ಬೇರೆ ಸೀರೆ ತೆಗೆದು ಸುತ್ತಿಕೊಂಡೆ. ನುಸಿಗುಳಿಗೆಯ ವಾಸನೆ. ಚಂದ್ರಿ ಮೂಸಿ ತಲೆ ಒದರಿತು, ಚೆಂಬು ಹಾರಿ ಗೋಡೆಗೆ ಬಿತ್ತು. ಬೆಳಿಗ್ಗೆಯೂ ಹಾಗೇ. ಮತ್ತೆ ಸಂಜೆಗೆ ಕೆಚ್ಚಲು ಕೆಂಪಗಾಗಿ, ಹಸು ನೋವಿಗೆ ಕಾಲು ಎತ್ತಿ ಎತ್ತಿ ಇಡುತ್ತಿತ್ತು. ಅಕ್ಕ ಬಾಗಿಲಲ್ಲಿ ನಿಂತು, "ನಾಳಿಕ್ಕೆ ದಲ್ಲಾಳಿಗೆ ಬರಾಕೇಳಿವ್ನಿ. ಅದೂ ನೋವು ತಿನ್ನಾದು ಬ್ಯಾಡ" ಅಂದಳು. ನಾನು ಚಂದ್ರಿಯ ಹಣೆಗೆ ಹಣೆ ಇಟ್ಟು ನಿಂತೆ. ಒಳಗೆ ಏನಾದರೂ ಕೇಳಿಸುತ್ತದಾ ಅಂತ. ಅದರ ಉಸಿರು ಬಿಟ್ಟರೆ ಏನೂ ಕೇಳಲಿಲ್ಲ.

ಅಷ್ಟರಲ್ಲಿ ನಡುಮನೆಯೊಳಗೆ ಮಗು ಅತ್ತಿತು. ಭಾಗ್ಯ ಹಿತ್ತಲಲ್ಲಿ ಇದ್ದವಳು ಓಡಿ ಬಂದಳು, ಬಂದಳು ಅಂತ ನನಗೆ ತಿಳಿದದ್ದು ದನಿಯಿಂದ.

"ಬಂದೆ ಕಣವ್ವ, ಬಂದೆ."

ನನ್ನ ಹಣೆಗೆ ತಾಗಿದ್ದ ಹಣೆ ಸರಕ್ಕನೆ ಸರಿಯಿತು. ಚಂದ್ರಿ ಕಿವಿ ಎರಡೂ ನಡುಮನೆಯ ಹೊಸ್ತಿಲಿಗೆ ತಿರುಗಿಸಿತು. ಗಂಟಲಲ್ಲಿ ಒಂದು ಸಣ್ಣ ಸದ್ದು ಮಾಡಿತು, ಕಾರ್ತೀಕದಿಂದ ಈಚೆಗೆ ನಾನು ಕೇಳದ ಸದ್ದು, ಸೀರೆ ಉಟ್ಟವನಿಗೆ ಒಂದು ಸಲವೂ ಮಾಡದ ಸದ್ದು. ಆಮೇಲೆ ಗೋಡೆಯ ಕಡೆಗೆ ಸರಿದು ಜಾಗ ಬಿಟ್ಟಿತು. ನೆಲದ ಕಲ್ಲಿನ ಮೇಲೆ ತಟ್ ತಟ್ ಅಂತ ಹಾಲು ಬೀಳುತ್ತಿತ್ತು. ಯಾರೂ ಕೈ ಹಾಕಿರಲಿಲ್ಲ.

"ಅಯ್ಯೋ ನನ್ ಶಿವನೇ" ಅಂದಳು ಅಕ್ಕ. ಅವಳೇ ಓಡಿ ಚೆಂಬು ತಂದು ನನ್ನ ಕೈಗೆ ಕೊಟ್ಟಳು.

ಕೂತು ಕರೆದೆ, ಬರೀ ಪಂಚೆಯಲ್ಲಿ, ಮೀಸೆ ಬಿಟ್ಟುಕೊಂಡು. ಒಳಗೆ ಭಾಗ್ಯ ಮಗುವಿಗೆ ಇನ್ನೂ ಏನೇನೋ ಹೇಳುತ್ತಿದ್ದಳು. ಅವಳಿಗೆ ಅವಳಮ್ಮನ ದನಿ ಇದೆ ಅಂತ ಇಷ್ಟು ವರ್ಷ ನನಗೇ ತಿಳಿದಿರಲಿಲ್ಲ. ಅವ್ವ ಅಂತ ಕರೆಯಲು ಅವಳಿಗೊಂದು ಮಗು ಬರಬೇಕಿತ್ತೋ ಏನೋ, ಅದಕ್ಕೆ ಮೊದಲು ಆ ಮಾತು ಅವಳ ಬಾಯಿಂದ ಬಂದದ್ದು ನಾನು ಕೇಳಿರಲಿಲ್ಲ. ಚೆಂಬು ತುಂಬುತ್ತಾ ಬಂದಾಗ ಒಂದು ವಿಷಯ ಗಮನಕ್ಕೆ ಬಂತು. ನಾನು ಕಡ್ಡಿ ಮನುಷ್ಯ, ಗೋಡೆಯ ಸಂದಿಯಲ್ಲೂ ಕೂರಬಲ್ಲೆ. ಚಂದ್ರಿ ಬಿಟ್ಟಿದ್ದ ಜಾಗ ನನ್ನ ಅಳತೆಯದಲ್ಲ. ನಾನು ಕೂತ ಮೇಲೂ ನನ್ನ ಬೆನ್ನ ಹಿಂದೆ ಒಬ್ಬ ದಪ್ಪ ಹೆಂಗಸು ಕೂರುವಷ್ಟು ಜಾಗ ಖಾಲಿ ಇತ್ತು. ತಿರುಗಿ ನೋಡಬೇಕು ಅನ್ನಿಸಿತು. ನೋಡಲಿಲ್ಲ. ಹಾಲು ಕರೆದು, ಎದ್ದು, ಆ ಜಾಗವನ್ನು ಬಳಸಿಕೊಂಡು ಒಳಗೆ ಹೋದೆ.

ದಲ್ಲಾಳಿ ಬಂದ, ಕಾಫಿ ಕುಡಿದು ಹೋದ.

ಬಾಣಂತನ ಮುಗಿಸಿ ಭಾಗ್ಯ ಭೇರ್ಯಕ್ಕೆ ಹೊರಟಾಗ ನನಗೆ ಮತ್ತೆ ಚಂದ್ರಿಯ ಚಿಂತೆ ಹತ್ತಿತು, ಇನ್ನು ಯಾರ ದನಿಗೆ ಹಾಲು ಇಳಿಸುತ್ತದೆ ಅಂತ. ಅದಕ್ಕೂ ಅವಳೇ ದಾರಿ ಹುಡುಕಿದಳು. ಬೆಳಿಗ್ಗೆ ಸಂಜೆ ವೀಡಿಯೊ ಕಾಲ್. ನಾನು ಫೋನು ಕೊಟ್ಟಿಗೆಯ ಗೂಟಕ್ಕೆ ಒರಗಿಸಿ ಇಡುತ್ತೇನೆ. ಅಲ್ಲಿ ಮಗಳು, ಮೊಮ್ಮಗಳು, ನನ್ನ ಇಡೀ ಸಂಪತ್ತು ಅಂಗೈಯಗಲದಲ್ಲಿ. "ಬಂದೆ ಕಣವ್ವ" ಅನ್ನುತ್ತಾಳೆ. ಮೊಮ್ಮಗಳು ಕೇಕೆ ಹಾಕುತ್ತಾಳೆ. ಚಂದ್ರಿ ಫೋನಿನ ಕಡೆ ತಿರುಗಿಯೂ ನೋಡುವುದಿಲ್ಲ. ಮಾತು ಬರುವುದು ಗೂಟದ ಹತ್ತಿರದಿಂದ, ಅದು ನೋಡುವುದು ನಡುಮನೆಯ ಹೊಸ್ತಿಲನ್ನು. ನೋಡಿ, ಸರಿದು, ಜಾಗ ಬಿಡುತ್ತದೆ.

"ಅಪ್ಪಾ, ಅದು ಯಾರ್ನ ನೋಡ್ತಾ ಅದೆ?" ಅಂತ ಭಾಗ್ಯ ಒಂದು ದಿನ ಕೇಳಿದಳು.

"ನಿನ್ನನ್ನೇ ಕಣವ್ವ" ಅಂದೆ.

ಆ ಜಾಗದ ಮೇಲೆ ನಾನು ಕಾಲಿಡುವುದಿಲ್ಲ. ಬೇಕೆಂದು ಮಾಡಿಕೊಂಡ ವ್ರತವಲ್ಲ, ಕಾಲು ತಾನೇ ಬಳಸುತ್ತದೆ. ಹಾಲು ಕರೆಯುವ ಹೊತ್ತಲ್ಲದಿದ್ದರೂ, ಚಂದ್ರಿ ಮೇಯಲು ಹೋಗಿ ಕೊಟ್ಟಿಗೆ ಖಾಲಿ ಇದ್ದರೂ ಬಳಸುತ್ತದೆ. ಮೊನ್ನೆ ಭಾಗ್ಯ ಮಗುವಿನ ಜೊತೆ ಬಂದಿಳಿದಾಗ ಅಕ್ಕನೂ ನೋಡಲು ಬಂದಿದ್ದಳು. ನಾನು ಮೊಮ್ಮಗಳನ್ನು ಹೆಗಲಿಗೆ ಹಾಕಿಕೊಂಡು ದಿನಕ್ಕೆ ಎಷ್ಟು ಸಲ ಬೀದಿಗೆ ಹೋಗಿ ಬರುತ್ತೇನೋ, ಅಷ್ಟು ಸಲವೂ ಅಲ್ಲಿ ಸುತ್ತುತ್ತೇನೆ. ಅಕ್ಕ ಅದನ್ನು ಕಂಡಳು.

"ಯಾರ್ನ ಬಳ್ಸ್ಕೊಂಡು ಓಯ್ತಿದ್ದೀಯಲಾ? ಯಾರವ್ರೆ ಅಲ್ಲಿ?"

"ಸಗಣಿ ಬಿದ್ದಿತ್ತು ಕಣಕ್ಕ."

"ಬೆಳಗ್ಗೆ ತಾನೇ ಸಾರ್ಸಿವ್ನಿ, ಸಗಣಿಯಂತೆ!" ಅಂತ ಮೂತಿ ತಿರುವಿದಳು. ಆಮೇಲೆ ಅಡುಗೆಮನೆಗೆ ಹೋಗುವಾಗ ನೋಡಿದೆ, ಅಕ್ಕ ಸೆರಗು ಎತ್ತಿ ಹಿಡಿದು, ಗೋಡೆಯ ಅಂಚಿನಲ್ಲಿ ಹೋದಳು.

ಮೊಮ್ಮಗಳು ಈಗ ಅಂಬೆಗಾಲಿಡುತ್ತಾಳೆ! ಹಿಡಿಯಲು ಆಗುವುದಿಲ್ಲ, ಪಾದರಸ. ಇವತ್ತು ಬೆಳಿಗ್ಗೆ ನಾನು ಬೀದಿಬಾಗಿಲ ಹತ್ತಿರ ಕೂತು ಈ ಬಟ್ಟೆ ಮಡಚುತ್ತಿದ್ದೆ. ನಡುಮನೆಯಿಂದ ನನ್ನನ್ನು ಕಂಡಳು. ಕೇಕೆ ಹಾಕಿ, ಹೊಸ್ತಿಲ ಮೇಲೆ ಹೊಟ್ಟೆ ಎಳೆದುಕೊಂಡು ದಾಟಿ, ಒಬ್ಬಳೇ ಕೊಟ್ಟಿಗೆಗೆ ಇಳಿದಳು. ಮೊದಲ ಸಲ, ಯಾರ ಹೆಗಲೂ ಇಲ್ಲದೆ. ಚಂದ್ರಿ ಮೇಯಲು ಹೋಗಿತ್ತು, ನೆಲ ಸಾರಿಸಿ ಒಣಗಿತ್ತು, ಅಡ್ಡ ಏನೂ ಇರಲಿಲ್ಲ. ನಾನು ಎರಡೂ ಕೈ ಚಾಚಿದೆ. ನೇರ ಬಂದರೆ ಆಯಿತು.

ಅರ್ಧದಾರಿಗೆ ಬಂದು ನಿಂತಳು. ಎಡಕ್ಕೆ ತಿರುಗಿದಳು. ಗೋಡೆಯ ಅಂಚಿನಲ್ಲಿ, ಒಂದು ಸುತ್ತು ಬಳಸಿಕೊಂಡು, ನನ್ನ ಮಡಿಲಿಗೆ ಬಂದು ಬಿದ್ದಳು.